ಊರು, ನಾಡು, ನದಿ: ಬನವಾಸಿಯ ಭೂಗೋಳ ಮತ್ತು ಚರಿತ್ರೆ

ಪ್ರವೇಶ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಬನವಾಸಿ ಅಪರಿಚಿತ ಹೆಸರಲ್ಲ. ಕನ್ನಡ ನಾಡಿನ ಮೊದಲ ಅರಸುಮನೆತನದ ರಾಜಧಾನಿಯೆಂದು ಚರಿತ್ರಕಾರರೂ, ಪಂಪನ ಮನಸ್ಸು ನೆಲೆನಿಂತ ತಾಣವೆಂದು ಸಾಹಿತ್ಯ ವಿಮರ್ಶಕರೂ ಅದನ್ನು ಮತ್ತೆ ಮತ್ತೆ ಸ್ಮರಿಸುತ್ತ ಬಂದಿದ್ದಾರೆ. ಆದರೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಪೂರ್ವದಂಚಿನಲ್ಲಿ, ವರದಾ ನದಿಯ ಎಡದಂಡೆಯ ಮೇಲೆ ಇರುವ ಇಂದಿನ ಬನವಾಸಿ ಕೆಲವೇ ಸಾವಿರ ಜನರಿರುವ ಒಂದು ಹೋಬಳಿ ಕೇಂದ್ರ ಮಾತ್ರ. ಒಂದು ರಥಬೀದಿ, ಮಧುಕೇಶ್ವರ ದೇವಾಲಯ, ಹಾಳುಬಿದ್ದ ಕೋಟೆಗೋಡೆ, ಸುತ್ತ ಭತ್ತದ ಗದ್ದೆ, ಅಡಕೆ ತೋಟ ಮತ್ತು ಅನಾನಸಿನ ಹೊಲಗಳು ಇಷ್ಟೇ ಅದರ ಕಾಣುವ ರೂಪ. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಹೆಸರು ಹೇಗೆ ಬಂದಿತು ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಅದರ ಜೊತೆಗೇ ಏಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಶಾಸನಗಳಲ್ಲಿ, ಕಾವ್ಯಗಳಲ್ಲಿ ‘ಬನವಾಸಿ’ ಎಂದಾಗ ಅದು ಸೂಚಿಸುವುದು ಈ ಊರನ್ನೇ, ಅಥವಾ ಅದೇ ಹೆಸರಿನ ವಿಶಾಲವಾದ ನಾಡನ್ನೇ?

ಈ ಎರಡನ್ನೂ ಒಂದೇ ಎಂದು ಭಾವಿಸಿ ನಡೆಯುವ ಅಭ್ಯಾಸ ನಮ್ಮ ತರಗತಿಗಳಲ್ಲಿಯೂ ಬರವಣಿಗೆಯಲ್ಲಿಯೂ ಬೇರೂರಿದೆ. ಇದರಿಂದ ಊರಿನ ಚರಿತ್ರೆಯೂ ಮಸುಕಾಗಿದೆ, ಕಾವ್ಯದ ಅರ್ಥವೂ ಸಂಕೋಚಗೊಂಡಿದೆ. ಬನವಾಸಿಯ ಭೌಗೋಳಿಕ ನೆಲೆಯನ್ನು ಆಧಾರವಾಗಿಟ್ಟುಕೊಂಡು ಊರು ಮತ್ತು ನಾಡುಗಳ ಚರಿತ್ರೆಯನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನದಿ ಮತ್ತು ನೆಲೆ

ವರದಾ ನದಿ ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುತ್ತದೆ. ಅದರ ಹುಟ್ಟು ಪಶ್ಚಿಮಘಟ್ಟದ ಮಳೆಯ ಸೀಮೆಯಲ್ಲಾದರೂ ಅದು ಕಡಲಿನ ಕಡೆಗೆ ಇಳಿಯುವುದಿಲ್ಲ. ಅದೇ ಸೀಮೆಯ ಶರಾವತಿ, ಅಘನಾಶಿನಿ, ಬೇಡ್ತಿ ನದಿಗಳು ಘಟ್ಟವನ್ನು ಧುಮುಕಿ ಪಶ್ಚಿಮ ಸಮುದ್ರವನ್ನು ಸೇರಿದರೆ, ವರದೆ ಉತ್ತರಕ್ಕೂ ಈಶಾನ್ಯಕ್ಕೂ ಹರಿದು ಸೊರಬ, ಬನವಾಸಿ, ಹಾನಗಲ್ಲು, ಹಾವೇರಿ ಸೀಮೆಗಳನ್ನು ಹಾಯ್ದು ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಸೊರಬದ ಕಡೆಯಿಂದ ಬರುವ ದಂಡಾವತಿ ಅದರ ಉಪನದಿಗಳಲ್ಲಿ ಒಂದು. ಹೀಗೆ ಮಲೆನಾಡಿನ ನೀರನ್ನು ಬಯಲುಸೀಮೆಗೆ ಒಯ್ಯುವ ನದಿ ಇದು. ಬನವಾಸಿ ನಿಂತಿರುವುದು ಮಲೆನಾಡು ಮುಗಿದು ಬಯಲು ತೊಡಗುವ ಸಂಧಿಯಲ್ಲಿ.

ಈ ಸಂಧಿಸ್ಥಾನಕ್ಕೆ ಆರ್ಥಿಕ ಮಹತ್ವವಿದೆ. ಪಶ್ಚಿಮಕ್ಕೆ ಕಾಡು, ಮೆಣಸು, ಅಡಕೆ. ಪೂರ್ವಕ್ಕೆ ಜೋಳ, ಹತ್ತಿ ಬೆಳೆಯುವ ಬಯಲು. ನಡುವೆ ಭತ್ತದ ನೆಲ. ಘಟ್ಟದ ದಾರಿಗಳಿಂದ ಕರಾವಳಿಗೂ, ನದಿಯ ಕಣಿವೆಯ ಗುಂಟ ಬಯಲಿಗೂ ಇಲ್ಲಿಂದ ಸಂಪರ್ಕ ಸುಲಭ. ಎರಡು ಬಗೆಯ ಬೆಳೆಗಳ, ಎರಡು ಬಗೆಯ ಬದುಕುಗಳ ವಿನಿಮಯ ನಡೆಯುವ ಇಂತಹ ತಾಣಗಳಲ್ಲಿ ಪೇಟೆಗಳು ಬೆಳೆಯುವುದು ಸಹಜ.

ರಕ್ಷಣೆಯ ದೃಷ್ಟಿಯಿಂದಲೂ ನೆಲೆ ಗಮನಾರ್ಹವಾದುದು. ಊರಿನ ಬಳಿ ನದಿ ಬಾಗಿ ಹರಿಯುವುದರಿಂದ ಕೋಟೆಯ ಮೂರು ದಿಕ್ಕುಗಳಲ್ಲಿ ನೀರಿನ ಆಸರೆ ದೊರೆಯುತ್ತದೆ. ಉಳಿದ ಕಡೆ ಕಂದಕವನ್ನು ತೋಡಿದರೆ ಸಾಕಾಗುತ್ತದೆ. ಕೋಟೆಯ ಗೋಡೆಯಲ್ಲಿ ಕೆಳಗೆ ದೊಡ್ಡ ಗಾತ್ರದ ಹಳೆಯ ಇಟ್ಟಿಗೆಗಳೂ ಮೇಲೆ ಜಂಬಿಟ್ಟಿಗೆಯ ಕಲ್ಲುಗಳೂ ಕಾಣುವುದರಿಂದ ಅದು ಹಲವು ಕಾಲಘಟ್ಟಗಳಲ್ಲಿ ಕಟ್ಟಲ್ಪಟ್ಟದ್ದೆಂದು ತಿಳಿಯಬಹುದು. 1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿ ನಡೆಸಿದ ಉತ್ಖನನದಲ್ಲಿ ಸಾತವಾಹನ ಕಾಲದ ಸೀಸದ ನಾಣ್ಯಗಳು, ಮಡಕೆಯ ಚೂರುಗಳು, ಗಜಪೃಷ್ಠಾಕಾರದ ಇಟ್ಟಿಗೆ ಕಟ್ಟಡಗಳ ತಳಪಾಯಗಳು ದೊರೆತವು. ಕದಂಬರು ಬರುವ ಮುಂಚೆಯೇ ಇದೊಂದು ನೆಲೆಗೊಂಡ ಪಟ್ಟಣವಾಗಿತ್ತೆಂಬುದಕ್ಕೆ ಇವು ನೆಲದೊಳಗಿನ ಸಾಕ್ಷಿಗಳು.

ಆದರೆ ನದಿಯ ಬಗ್ಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವರದೆ ಮಳೆಗಾಲದ ನದಿ. ಮುಂಗಾರಿನಲ್ಲಿ ಉಕ್ಕಿ ದಂಡೆಯ ಗದ್ದೆಗಳನ್ನು ಮುಳುಗಿಸುವ ಅದು ಬೇಸಿಗೆಯಲ್ಲಿ ಸೊರಗುತ್ತದೆ. ವರ್ಷವಿಡೀ ದೋಣಿ ಸಾಗಿಸಲಾಗಲಿ, ಸರಳವಾದ ಕಾಲುವೆ ತೆಗೆದು ಗದ್ದೆಗೆ ನೀರುಣಿಸಲಾಗಲಿ ಒದಗುವಂತಹ ನದಿಯಲ್ಲ. ಊರಿಗೆ ಅದು ಕೊಟ್ಟದ್ದು ಮುಖ್ಯವಾಗಿ ರಕ್ಷಣೆ. ಅನ್ನವನ್ನು ಕೊಟ್ಟದ್ದು ಕೆರೆಗಳು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಬನವಾಸಿಯ ಪ್ರಾಚೀನ ಶಾಸನಗಳಲ್ಲಿ ಕೆರೆಯ ಮಾತು ಏಕೆ ಬರುತ್ತದೆಂಬುದು ಅರ್ಥವಾಗುತ್ತದೆ.

ಎರಡು ಹೆಸರುಗಳು

ಪ್ರಾಚೀನ ಆಕರಗಳಲ್ಲಿ ಈ ಪ್ರದೇಶಕ್ಕೆ ಸಂಬಂಧಿಸಿದಂತೆ ಎರಡು ಬಗೆಯ ಹೆಸರುಗಳು ಕಾಣುತ್ತವೆ. ಒಂದು ವನವಾಸ ಅಥವಾ ವನವಾಸಿ. ಇನ್ನೊಂದು ವೈಜಯಂತಿ ಅಥವಾ ಜಯಂತಿ. ಇವೆರಡನ್ನೂ ಪರ್ಯಾಯನಾಮಗಳೆಂದು ಪಟ್ಟಿಮಾಡಿ ಮುಂದೆ ಸಾಗುವುದು ರೂಢಿ. ಆದರೆ ಅವು ಬಳಕೆಯಾದ ಸಂದರ್ಭಗಳನ್ನು ಗಮನಿಸಿದರೆ ಸೂಕ್ಷ್ಮವಾದ ಒಂದು ಭೇದ ಗೋಚರಿಸುತ್ತದೆ.

ಸಿಂಹಳದ ‘ಮಹಾವಂಸ’ವು ಅಶೋಕನ ಕಾಲದಲ್ಲಿ ಧರ್ಮಪ್ರಚಾರಕ್ಕಾಗಿ ಹೊರಟ ಥೇರರನ್ನು ಹೆಸರಿಸುವಾಗ ರಕ್ಖಿತನೆಂಬವನು ವನವಾಸಕ್ಕೆ ಹೋದನೆಂದು ಹೇಳುತ್ತದೆ. ಅಲ್ಲಿ ವನವಾಸದ ಜೊತೆಗೆ ಬರುವ ಮಹಿಷಮಂಡಲ, ಅಪರಾಂತಕ ಮೊದಲಾದವು ಊರುಗಳಲ್ಲ, ಸೀಮೆಗಳು. ನಾಗಾರ್ಜುನಕೊಂಡದ ಶಾಸನವೊಂದರಲ್ಲಿಯೂ ವನವಾಸಿ ದೇಶಗಳ ಪಟ್ಟಿಯಲ್ಲಿ ಸೇರಿದೆ. ಅಲ್ಲಿಯದೇ ಇನ್ನೊಂದು ಶಾಸನದಿಂದ ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು ಕೊಡಬಲಿಸಿರಿಯು ವನವಾಸದ ಮಹಾರಾಜನ ಮಡದಿಯಾಗಿದ್ದಳೆಂದು ತಿಳಿಯುತ್ತದೆ. ಇಲ್ಲಿಯೂ ವನವಾಸವು ಒಬ್ಬ ಮಹಾರಾಜನ ಆಳ್ವಿಕೆಯ ಪ್ರದೇಶ.

ಇದಕ್ಕೆ ಪ್ರತಿಯಾಗಿ ವೈಜಯಂತಿಯ ಉಲ್ಲೇಖಗಳು ಪಟ್ಟಣವನ್ನು ಸೂಚಿಸುತ್ತವೆ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗೃಹದಲ್ಲಿರುವ ಶಾಸನವು ಅದನ್ನು ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲನೆಂದು ಹೇಳುತ್ತದೆ. ಈ ವೈಜಯಂತಿಯನ್ನು ಹಲವು ವಿದ್ವಾಂಸರು ಬನವಾಸಿಯೊಂದಿಗೆ ಗುರುತಿಸಿದ್ದಾರೆ. ಆ ಗುರುತನ್ನು ಒಪ್ಪುವುದಾದರೆ, ಸಹ್ಯಾದ್ರಿಯ ಅತ್ಯುತ್ತಮ ಗುಹಾಲಯವೊಂದನ್ನು ಮಾಡಿಸುವಷ್ಟು ಸಿರಿವಂತನಾದ ವರ್ತಕ ವರದೆಯ ದಂಡೆಯ ಊರಿನವನೆಂದಾಗುತ್ತದೆ. ಇದು ಮೇಲೆ ಹೇಳಿದ ಸಂಧಿಸ್ಥಾನದ ವಾಣಿಜ್ಯಕ್ಕೆ ಒಳ್ಳೆಯ ಸಮರ್ಥನೆ.

ಬನವಾಸಿಯಲ್ಲಿಯೇ ದೊರೆತ ಪ್ರಾಕೃತ ಶಾಸನಗಳಲ್ಲಿ ಎರಡು ಮುಖ್ಯವಾದವು. ಒಂದು, ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ ನೆನಪಿಗೆ ನಿಲ್ಲಿಸಿದ ಛಾಯಾಸ್ತಂಭ. ಇನ್ನೊಂದು, ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಮೇಲಿನ ಬರಹ. ಇದು ವಿಷ್ಣುಕಡ ಚುಟುಕುಲಾನಂದ ಸಾತಕರ್ಣಿಯ 12ನೆಯ ಆಳ್ವಿಕೆಯ ವರ್ಷದ್ದು. ರಾಜನ ಮಗಳಾದ ಮಹಾಭೋಜಿಯು ನಾಗವನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿದಳೆಂಬುದು ಅದರ ಸಾರ. ನಾಗವನ್ನು ಕಡೆದ ಶಿಲ್ಪಿಯ ಹೆಸರು ನಟಕ. ಅವನ ಗುರುವಿನ ಹೆಸರಿನೊಂದಿಗೆ ಜಯಂತಿಯ ಹೆಸರು ಸೇರಿ ಬಂದಿದೆ. ಕರ್ನಾಟಕದಲ್ಲಿ ಹೆಸರು ತಿಳಿದಿರುವ ಅತಿ ಹಳೆಯ ಶಿಲ್ಪಿಗಳಲ್ಲಿ ಇವನೊಬ್ಬ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಶಾಸನದಲ್ಲಿಯೂ ಚುಟು ಅರಸನನ್ನು ವೈಜಯಂತೀಪುರದ ರಾಜನೆಂದೇ ಕರೆಯಲಾಗಿದೆ.

ಅಂದರೆ ಆರಂಭದ ಹಂತದಲ್ಲಿ ನಾಡಿಗೆ ವನವಾಸವೆಂದೂ, ನಾಡಿನ ಮುಖ್ಯಪಟ್ಟಣಕ್ಕೆ ವೈಜಯಂತಿ ಅಥವಾ ಜಯಂತಿಯೆಂದೂ ಹೆಸರಿದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಈ ವಿಭಜನೆಗೆ ಅಪವಾದಗಳಿಲ್ಲವೆಂದಲ್ಲ. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಬನವಾಸಿಯ ಹೆಸರನ್ನು ಪಟ್ಟಣಗಳ ಸಾಲಿನಲ್ಲಿ ಕೊಟ್ಟಿದ್ದಾನೆ. ದೂರದ ವರ್ತಕರು ನಾಡಿನ ಹೆಸರಿನಿಂದಲೇ ಪಟ್ಟಣವನ್ನು ಕರೆಯುತ್ತಿದ್ದುದು ಅಸಂಭವವೇನಲ್ಲ. ಮುಂದೆ ನಾಡಿನ ಹೆಸರೇ ಊರಿಗೆ ನಿಂತು, ‘ಜಯಂತಿ’ ಎಂಬುದು ಸ್ತುತಿಯ ಹೆಸರಾಗಿ ಉಳಿದುದನ್ನು ನೋಡಿದರೆ ಈ ಊಹೆಗೆ ಬಲ ಬರುತ್ತದೆ.

ಕೆರೆಗಳನ್ನು ಕಟ್ಟಿದ ಅರಸರು

ಕದಂಬರ ಉದಯದ ಕಥೆ ತಾಳಗುಂದದ ಸ್ತಂಭಶಾಸನದಿಂದ ಎಲ್ಲರಿಗೂ ತಿಳಿದಿದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಕೆರಳಿ ಶಸ್ತ್ರ ಹಿಡಿದು, ಶ್ರೀಪರ್ವತದ ಕಾಡಿನಲ್ಲಿ ನೆಲೆನಿಂತು, ಕೊನೆಗೆ ಪಲ್ಲವರಿಂದಲೇ ಮಾನ್ಯತೆ ಪಡೆದನೆಂದು ಆ ಶಾಸನ ನಿರೂಪಿಸುತ್ತದೆ. ಇದು ಕ್ರಿ.ಶ. 4ನೆಯ ಶತಮಾನದ ನಡುಗಾಲದ ಸಂಗತಿ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಆ ಶಾಸನದ ನೇರವಾದ ಉದ್ದೇಶ. ಅದು ಹುಟ್ಟಿದ್ದು ಯುದ್ಧವನ್ನು ಕೀರ್ತಿಸಲು ಅಲ್ಲ. ಕಾಕುಸ್ಥವರ್ಮನು ತಾಳಗುಂದದ ಶಿವಾಲಯದ ಬಳಿ ಕಟ್ಟಿಸಿದ ಕೆರೆಯನ್ನು ದಾಖಲಿಸಲು. ಕವಿ ಕುಬ್ಜ ಅದನ್ನು ಶಾಂತಿವರ್ಮನ ಕಾಲದಲ್ಲಿ ರಚಿಸಿದನು. ಆ ದೇವಾಲಯವನ್ನು ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದು ಅವನು ಹೇಳುವುದರಿಂದ, ಕದಂಬರು ತಮ್ಮನ್ನು ಚುಟುಗಳ ನಾಡಿನ ಉತ್ತರಾಧಿಕಾರಿಗಳೆಂದು ಭಾವಿಸಿದ್ದುದು ಸ್ಪಷ್ಟ. ಅರಸುಮನೆತನ ಬದಲಾದರೂ ಕೆರೆ ಕಟ್ಟಿಸುವ ಕರ್ತವ್ಯ ಬದಲಾಗಲಿಲ್ಲ. ಚುಟು ರಾಜಪುತ್ರಿಯ ಕೆರೆ, ಕಾಕುಸ್ಥವರ್ಮನ ಕೆರೆ, ಬನವಾಸಿಯ ಸಮೀಪದ ಗುಡ್ನಾಪುರದಲ್ಲಿ ಇಂದಿಗೂ ಕಾಣುವ ವಿಶಾಲವಾದ ಕೆರೆ ಇವೆಲ್ಲ ಒಂದೇ ಪರಂಪರೆಗೆ ಸೇರಿದವು. ಗುಡ್ನಾಪುರದ ಕೆರೆಯ ಬಳಿ ದೊರೆತ ರವಿವರ್ಮನ ಶಾಸನವನ್ನು ಡಾ. ಬಾ.ರಾ. ಗೋಪಾಲ ಅವರು ಬೆಳಕಿಗೆ ತಂದರು. ಕಾಮದೇವನ ಆಲಯ, ಅದರ ಸಮೀಪದ ಅರಮನೆ, ನೃತ್ಯಶಾಲೆಗಳನ್ನು ಅದು ಹೆಸರಿಸುವುದರಿಂದ ರಾಜಧಾನಿಯ ಬದುಕು ಕೋಟೆಯ ಗೋಡೆಗಷ್ಟೇ ಸೀಮಿತವಾಗಿರದೆ ಸುತ್ತಲಿನ ಕೆರೆಗಳ ದಂಡೆಯವರೆಗೆ ಹರಡಿಕೊಂಡಿತ್ತೆಂದು ತಿಳಿಯುತ್ತದೆ.

ಕದಂಬರ ತಾಮ್ರಶಾಸನಗಳಲ್ಲಿ ಹಲವು ವೈಜಯಂತಿಯಿಂದ ಹೊರಟವು. ಪಲಾಶಿಕೆ, ಉಚ್ಚಶೃಂಗಿ, ತ್ರಿಪರ್ವತಗಳಿಂದ ಹೊರಟವೂ ಇವೆ. ರಾಜ್ಯಕ್ಕೆ ಒಂದಕ್ಕಿಂತ ಹೆಚ್ಚು ಆಡಳಿತ ಕೇಂದ್ರಗಳಿದ್ದವು. ಕದಂಬ ರಾಜ್ಯದ ಭಾಷೆಯ ದೃಷ್ಟಿಯಿಂದಲೂ ಇದೇ ಮಾತು ಹೇಳಬೇಕು. ಕಾಕುಸ್ಥನ ಹೆಸರಿರುವ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಇತ್ತೀಚೆಗೆ ಚರ್ಚೆಗೆ ಬಂದಿರುವ ಸಿಂಹಕಟಾಂಜನದ ಬರಹ ದೊರೆತದ್ದು ತಾಳಗುಂದದಲ್ಲಿ. ಬನವಾಸಿಯ ಕದಂಬರು ಎಂಬ ಮಾತಿನಲ್ಲಿ ಬನವಾಸಿಯು ಊರಿನ ಎಲ್ಲೆಯನ್ನು ಆಗಲೇ ಮೀರಿತ್ತು.

ನೆಲದ ಕೋಟೆ, ನೀರಿನ ಕೋಟೆ

ಬನವಾಸಿಯ ಊರನ್ನು ನೇರವಾಗಿ ವರ್ಣಿಸುವ ಪ್ರಾಚೀನ ಪದ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ರವಿಕೀರ್ತಿ ರಚಿಸಿದ ಐಹೊಳೆ ಶಾಸನದಲ್ಲಿದೆ. ಕ್ರಿ.ಶ. 634ರ ಆ ಶಾಸನವು ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಹೇಳುವಾಗ ಬನವಾಸಿಯ ಮುತ್ತಿಗೆಗೆ ಒಂದು ಪದ್ಯವನ್ನು ಮೀಸಲಿಟ್ಟಿದೆ. ವರದೆಯ ಅಲೆಗಳ ಮೇಲಿನ ಹಂಸಗಳ ಸಾಲನ್ನು ನಗರದ ಒಡ್ಯಾಣವಾಗಿ ಕವಿ ಕಲ್ಪಿಸುತ್ತಾನೆ; ಸಂಪತ್ತಿನಲ್ಲಿ ಅದು ದೇವನಗರಿಗೆ ಸಾಟಿಯೆನ್ನುತ್ತಾನೆ.

ಈ ಪದ್ಯದ ಆಧಾರದ ಮೇಲೆ ಬನವಾಸಿಯನ್ನು ಜಲದುರ್ಗವೆಂದು ಕರೆಯುವ ವಾಡಿಕೆಯಿದೆ. ಆದರೆ ಪದ್ಯದ ಮಾತು ಬೇರೆ. ಕಡಲಿನಂತಹ ಸೈನ್ಯ ಸುತ್ತಲಿನ ನೆಲವನ್ನೆಲ್ಲ ಮುಚ್ಚಿದಾಗ, ನೋಡುತ್ತಿದ್ದವರ ಕಣ್ಣಿಗೆ ಸ್ಥಲದುರ್ಗವೇ ಜಲದುರ್ಗವಾದಂತೆ ತೋರಿತೆಂಬುದು ಕವಿಯ ಉತ್ಪ್ರೇಕ್ಷೆ. ಅಂದರೆ ರವಿಕೀರ್ತಿಯ ದೃಷ್ಟಿಯಲ್ಲಿ ಅದು ಮೂಲತಃ ನೆಲದ ಕೋಟೆ. ಚಮತ್ಕಾರ ನಿಂತಿರುವುದೇ ಈ ಭೇದದ ಮೇಲೆ. ಮೊದಲೇ ಅದು ಜಲದುರ್ಗವಾಗಿದ್ದರೆ ಉತ್ಪ್ರೇಕ್ಷೆಗೆ ಆಸ್ಪದವೇ ಇರುತ್ತಿರಲಿಲ್ಲ.

ಇದು ಅಲಂಕಾರಶಾಸ್ತ್ರದ ಸಣ್ಣ ವಿಷಯವೆನಿಸಬಹುದು. ಆದರೆ ನೆಲೆಯನ್ನು ಕಂಡವರಿಗೆ ಇದರ ಔಚಿತ್ಯ ತಿಳಿಯುತ್ತದೆ. ನದಿಯ ಬಾಗು ಊರನ್ನು ಪೂರ್ತಿಯಾಗಿ ಸುತ್ತುವುದಿಲ್ಲ. ಒಂದು ಮಗ್ಗುಲು ನೆಲಕ್ಕೆ ಅಂಟಿಕೊಂಡಿದೆ. ನೀರು ಒಡ್ಯಾಣದಂತೆ ಅಂಚಿನಲ್ಲಿದೆಯೇ ಹೊರತು ಕೋಟೆಯನ್ನು ದ್ವೀಪವಾಗಿಸಿಲ್ಲ. ಬೇಸಿಗೆಯಲ್ಲಿ ನದಿ ಸೊರಗಿದಾಗ ಆ ರಕ್ಷಣೆಯೂ ಸಡಿಲವಾಗುತ್ತದೆ. ಕವಿಯ ಮಾತು ಭೂಗೋಳಕ್ಕೆ ನಿಷ್ಠವಾಗಿದೆ. ನಾವು ಅದನ್ನು ಉದ್ಧರಿಸುವಾಗ ಆ ನಿಷ್ಠೆಯನ್ನು ಕಳೆದುಕೊಂಡಿದ್ದೇವೆ.

ಊರು ಕುಗ್ಗಿತು, ನಾಡು ಹಿಗ್ಗಿತು

ಚಾಲುಕ್ಯರ ಕೈಸೇರಿದ ಮೇಲೆ ಬನವಾಸಿ ಸ್ವತಂತ್ರ ರಾಜಧಾನಿಯಾಗಿ ಉಳಿಯಲಿಲ್ಲ. ಆದರೆ ಅದರ ಹೆಸರು ಅಳಿಯುವ ಬದಲು ಇನ್ನಷ್ಟು ವಿಸ್ತಾರವಾದ ಪ್ರದೇಶಕ್ಕೆ ಅನ್ವಯವಾಯಿತು. ರಾಷ್ಟ್ರಕೂಟರ ಕಾಲದಿಂದ ‘ಬನವಾಸಿ ಪನ್ನಿರ್ಚ್ಛಾಸಿರ’ ಎಂಬ ಆಡಳಿತ ವಿಭಾಗದ ಉಲ್ಲೇಖ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಇಂದಿನ ಶಿವಮೊಗ್ಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಬಹುಭಾಗಗಳು ಅದರಲ್ಲಿ ಸೇರುತ್ತಿದ್ದವು. ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು, ಎಡೆನಾಡು ಎಪ್ಪತ್ತು ಇವು ಅದರ ಒಳವಿಭಾಗಗಳಲ್ಲಿ ಕೆಲವು. ಈ ಸಂಖ್ಯೆಗಳು ಹಳ್ಳಿಗಳನ್ನು ಸೂಚಿಸುತ್ತವೆಯೋ ಆದಾಯವನ್ನೋ ಬೇರೆ ಬಗೆಯ ಎಣಿಕೆಯನ್ನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಗಮನಿಸಬೇಕಾದ ಅಂಶವೆಂದರೆ, ನಾಡಿನ ಹೆಸರು ಬನವಾಸಿಯಾದರೂ ಅದನ್ನು ಆಳಿದ ನೆಲೆಗಳು ಬೇರೆ. ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೆಯನು ಬನವಾಸಿ ನಾಡಿನ ಆಡಳಿತವನ್ನು ಪಡೆದನು. ಅವನ ಹೆಸರಿನಿಂದ ಬಂದ ಬಂಕಾಪುರವೇ ಚೆಲ್ಲಕೇತನ ಮನೆತನದ ನೆಲೆಯಾಯಿತು. ಗುಣಭದ್ರರ ‘ಉತ್ತರಪುರಾಣ’ದ ಪ್ರಶಸ್ತಿಯು ಶಕ 820ರಲ್ಲಿ ಲೋಕಾದಿತ್ಯನು ಬಂಕಾಪುರದಲ್ಲಿದ್ದು ವನವಾಸ ದೇಶವನ್ನು ಆಳುತ್ತಿದ್ದನೆಂದು ಹೇಳುತ್ತದೆ. ದೇಶದ ಹೆಸರು ಒಂದು, ಆಳುವ ಊರು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಡ. 10ನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡದ ನಾಳ್ಗಾವುಂಡ ಪದವಿಯನ್ನು ವಹಿಸಿ, ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಜಕ್ಕಿಯಬ್ಬೆಯ ವೃತ್ತಾಂತವೂ ನಾಡಿನ ಆಡಳಿತ ಊರಿನ ಹೊರಗೆ ಎಷ್ಟು ಜೀವಂತವಾಗಿತ್ತೆಂಬುದನ್ನು ತೋರಿಸುತ್ತದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿಯೆನಿಸಿದ್ದು ಬಳ್ಳಿಗಾವೆ. ಮಠಗಳು, ಬಸದಿಗಳು, ವರ್ತಕ ಸಂಘಗಳು, ವಿದ್ಯಾಕೇಂದ್ರಗಳು ಅಲ್ಲಿ ನೆಲೆಗೊಂಡವು.

ಈ ಸ್ಥಾನಪಲ್ಲಟಕ್ಕೆ ಕಾರಣವೇನಿರಬಹುದು? ಶಾಸನಗಳು ಇದನ್ನು ನೇರವಾಗಿ ಹೇಳುವುದಿಲ್ಲ. ಭೂಗೋಳದಿಂದ ಒಂದು ವಿವರಣೆಯನ್ನು ಕೊಡಬಹುದು. ನದಿಯ ಬಾಗಿನಲ್ಲಿ, ಮಲೆನಾಡಿನ ಅಂಚಿನಲ್ಲಿ ಅಡಗಿದಂತಿರುವ ನೆಲೆ ಶತ್ರುವಿನಿಂದ ತನ್ನನ್ನು ಕಾಪಾಡಿಕೊಳ್ಳಬೇಕಾದ ಸಣ್ಣ ರಾಜ್ಯಕ್ಕೆ ಅನುಕೂಲ. ಬಾದಾಮಿ, ಮಾನ್ಯಖೇಟ, ಕಲ್ಯಾಣಗಳಿಂದ ಆಳುವ ಸಾಮ್ರಾಜ್ಯಕ್ಕೆ ಬೇಕಾದುದು ಅಡಗುದಾಣವಲ್ಲ. ಬಯಲಿನ ದಾರಿಗಳ ಮೇಲೆ, ವಿಶಾಲವಾದ ಪ್ರಾಂತ್ಯದ ನಡುವೆ ಇರುವ ಊರು. ಬಂಕಾಪುರ, ಬಳ್ಳಿಗಾವೆ, ಹಾನಗಲ್ಲುಗಳಿಗೆ ಆ ಅನುಕೂಲವಿತ್ತು. ಯಾವ ಗುಣದಿಂದ ಬನವಾಸಿ ರಾಜಧಾನಿಯಾಯಿತೋ ಅದೇ ಗುಣದಿಂದ ಅದು ಮುಂದಿನ ಕಾಲದಲ್ಲಿ ಹಿಂದೆ ಸರಿಯಬೇಕಾಯಿತು.

ಆದರೂ ಊರು ಬರಿದಾಗಲಿಲ್ಲ. ಅದರ ಮಹತ್ವದ ಸ್ವರೂಪ ಬದಲಾಯಿತು. ಹಾನಗಲ್ಲಿನ ಮತ್ತು ಗೋವೆಯ ಕದಂಬರು ಬನವಾಸಿ ಪುರವರಾಧೀಶ್ವರರೆಂದೂ, ಜಯಂತಿಯ ಮಧುಕೇಶ್ವರನಿಂದ ವರ ಪಡೆದವರೆಂದೂ ತಮ್ಮನ್ನು ಬಣ್ಣಿಸಿಕೊಂಡರು. ಅವರಿಗೆ ಆ ಪುರ ಆಳ್ವಿಕೆಯ ನೆಲೆಗಿಂತ ಮಿಗಿಲಾಗಿ ವಂಶದ ಗುರುತಾಗಿತ್ತು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿಯೂ ಗೆದ್ದ ನಾಡುಗಳ ಸಾಲಿನಲ್ಲಿ ಬನವಸೆ ಬರುತ್ತದೆ. ಹೀಗೆ ಊರು ರಾಜಕೀಯ ಕೇಂದ್ರದಿಂದ ಸ್ಮೃತಿಯ ಕೇಂದ್ರವಾಗಿ ಮಾರ್ಪಟ್ಟಿತು. ಮಧುಕೇಶ್ವರ ದೇವಾಲಯದಲ್ಲಿ ಹಲವು ಕಾಲದ ಸೇರ್ಪಡೆಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುವುದಕ್ಕೂ ಇದೇ ಕಾರಣ. ಆಳುವವರು ಬದಲಾದರು, ಆ ದೇವರ ಅನುಗ್ರಹ ಎಲ್ಲರಿಗೂ ಬೇಕಾಗಿತ್ತು. ಸೋದೆಯ ಅರಸರ ಕಾಲದ ಸೂಕ್ಷ್ಮ ಕೆತ್ತನೆಯ ಕಲ್ಲುಮಂಚ ಈ ಸರಣಿಯ ಕೊನೆಯ ಕೊಡುಗೆಗಳಲ್ಲೊಂದು.

ಕಾವ್ಯಗಳಲ್ಲಿ ಬನವಾಸಿ

ಈ ಹಿನ್ನೆಲೆಯಲ್ಲಿ ಪಂಪನನ್ನು ಓದಬೇಕು. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನ ಪಯಣದ ಸಂದರ್ಭದಲ್ಲಿ ಬರುವ ಪದ್ಯಗಳು ನಾಡಿನಾದ್ಯಂತ ಬಾಯಿಪಾಠವಾಗಿವೆ. ಅವುಗಳಲ್ಲಿ ಕವಿ ಬಳಸುವ ಮಾತು ‘ಬನವಾಸಿ ದೇಶ’. ಅಲ್ಲಿ ತುಂಬಿರುವುದು ಮರ, ಹೂ, ಹಕ್ಕಿ, ಗಾಳಿ, ಸಹೃದಯರ ಕೂಟ. ಕೋಟೆಯಾಗಲಿ, ಕಂದಕವಾಗಲಿ, ಅರಮನೆಯಾಗಲಿ ಅಲ್ಲಿ ಇಲ್ಲ. ಪುರವರ್ಣನೆ ಪಂಪನಿಗೆ ತಿಳಿಯದ ವಿದ್ಯೆಯಲ್ಲ. ಚಂಪೂಕಾವ್ಯದಲ್ಲಿ ಅದು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಇಲ್ಲಿ ಅದನ್ನು ಬಿಟ್ಟು ಅವನು ದೇಶವನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ.

ಪಂಪನ ಕಾಲಕ್ಕೆ ಬನವಾಸಿ ದೇಶವೆಂದರೆ ಪನ್ನಿರ್ಚ್ಛಾಸಿರವೇ. ಅದರ ಆಡಳಿತ ಊರಿನಿಂದ ಹೊರಗೆ ಹೋಗಿ ಎಷ್ಟೋ ಕಾಲವಾಗಿತ್ತು. ಆದ್ದರಿಂದ ಅವನು ಹಂಬಲಿಸಿದ್ದು ರಥಬೀದಿಯ ಊರನ್ನೇ ಎಂದು ಹೇಳುವುದಕ್ಕಿಂತ, ಮಲೆನಾಡಿನಿಂದ ಬಯಲಿನವರೆಗೆ ಹರಡಿದ್ದ ಸಮೃದ್ಧ ನಾಡನ್ನು ಎನ್ನುವುದು ಹೆಚ್ಚು ಸಮಂಜಸ. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಯುತ್ತದೆ. ಅಣ್ಣಿಗೇರಿ ಬೆಳ್ವೊಲ ನಾಡಿಗೆ ಸೇರಿದ್ದು. ಬನವಾಸಿಯಲ್ಲಿ ಪಂಪ ಹುಟ್ಟಿದನೆಂದೋ ಬೆಳೆದನೆಂದೋ ಆ ಪದ್ಯಗಳಿಂದ ತೀರ್ಮಾನಿಸುವುದಕ್ಕೆ ಆಧಾರ ಸಾಲದು. ನಾಡಿನ ವರ್ಣನೆಯನ್ನು ಊರಿನ ವರ್ಣನೆಯೆಂದು ಓದಿದ್ದರಿಂದಲೇ ಅಂತಹ ಊಹೆಗಳಿಗೆ ಎಡೆಯಾಯಿತು.

ಅಲ್ಲಮಪ್ರಭುವಿನ ಕಥೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ–ಕಮಲತೆಯರ ಕಥೆ ಬಳ್ಳಿಗಾವೆಯಲ್ಲಿ ನಡೆಯುತ್ತದೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಅರಸ ಮಮಕಾರನ ಮಗಳು ಮಾಯೆ, ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನ ಮದ್ದಳೆಯ ವಾದನಕ್ಕೆ ಮರುಳಾಗುತ್ತಾಳೆ. ಈ ಭೇದವನ್ನು ಕೇವಲ ಪಾಠಾಂತರವೆಂದು ಬಿಡಬೇಕಾಗಿಲ್ಲ. ಬಳ್ಳಿಗಾವೆಯು ಬನವಾಸಿ ನಾಡಿನ ಹೃದಯಭಾಗ. ಹರಿಹರ ತನಗೆ ಸಮೀಪದ ಕಾಲದಲ್ಲಿ ಜೀವಂತವಾಗಿದ್ದ ರಾಜಧಾನಿಯಲ್ಲಿ ಕಥೆಯನ್ನಿಟ್ಟನು. ಚಾಮರಸನ ಕಾಲಕ್ಕೆ ಬಳ್ಳಿಗಾವೆಯ ವೈಭವ ಇಳಿದಿತ್ತು. ರಾಜಧಾನಿಯೆಂಬ ನೆನಪು ಉಳಿದಿದ್ದದ್ದು ಹಳೆಯ ಊರಿನಲ್ಲಿ, ಅದರ ದೇವರಲ್ಲಿ. ಮಾಯೆಯ ತಂದೆ ರಾಜನಾಗಬೇಕಾದ ರೂಪಕಕ್ಕೆ ಬನವಾಸಿ ಒದಗಿದ್ದು ಹೀಗಿರಬಹುದು. ನಾಡಿಗೆ ಹೆಸರು ಕೊಟ್ಟ ಊರು, ನಾಡು ಚದುರಿದ ಮೇಲೆ ಅದರ ಕಥೆಗಳನ್ನು ತನ್ನಲ್ಲಿಗೆ ಸೆಳೆದುಕೊಂಡಿತೆನ್ನಬಹುದು.

ಗಡಿಯ ಊರು

ವಸಾಹತು ಕಾಲದಲ್ಲಿ ಬನವಾಸಿಗೆ ಮತ್ತೊಂದು ಬಗೆಯ ಪಾಡು ಒದಗಿತು. 1799ರ ನಂತರ ಈ ಸೀಮೆ ಬ್ರಿಟಿಷರ ಕೆನರಾ ಜಿಲ್ಲೆಗೆ ಸೇರಿತು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದುಹೋದನು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬೇರ್ಪಡ���ಸಿ ಮುಂಬಯಿಗೆ ಸೇರಿಸಲಾಯಿತು. ಆಗ ಬನವಾಸಿ ಮುಂಬಯಿ ಪ್ರಾಂತ್ಯದಲ್ಲಿಯೂ, ಅದಕ್ಕೆ ಹೊಂದಿಕೊಂಡ ಸೊರಬ, ಶಿಕಾರಿಪುರ ಸೀಮೆಗಳು ಮೈಸೂರು ಸಂಸ್ಥಾನದಲ್ಲಿಯೂ ಉಳಿದವು. 1956ರ ಏಕೀಕರಣದವರೆಗೆ ಪುರಾತನ ಬನವಾಸಿ ನಾಡಿನ ನಡುವೆ ಒಂದು ರಾಜಕೀಯ ಗಡಿ ಹಾದುಹೋಗಿತ್ತು.

ಇದರ ಪರಿಣಾಮ ನಮ್ಮ ವಿದ್ವತ್ತಿನ ಮೇಲೂ ಆಗಿದೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿಯೂ, ಸೊರಬದವನ್ನು 1904ರಲ್ಲಿ ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಬನವಾಸಿಯ ಶಾಸನಗಳು ಮಾತ್ರ ಬ್ಯೂಲರ್, ಫ್ಲೀಟ್ ಮೊದಲಾದವರ ಮೂಲಕ ಮುಂಬಯಿಯ ಕಡೆಯ ಪ್ರಕಟಣೆಗಳಲ್ಲಿ ಬಿಡಿಬಿಡಿಯಾಗಿ ಹೊರಬಂದವು. ತಾಳಗುಂದದ ಸ್ತಂಭ ಒಂದು ಸಂಪುಟಶ್ರೇಣಿಯಲ್ಲಿ, ಬನವಾಸಿಯ ನಾಗಶಿಲ್ಪ ಮತ್ತೊಂದರಲ್ಲಿ. ಒಂದೇ ನಾಡಿನ, ಒಂದೇ ಪರಂಪರೆಯ ದಾಖಲೆಗಳು ಎರಡು ಕಪಾಟುಗಳಲ್ಲಿ ಸೇರಿಹೋದವು. ಜಾರ್ಜ್ ಮೊರೇಸ್ ಅವರ ‘ಕದಂಬಕುಲ’ (1931) ಇವನ್ನು ಒಟ್ಟಿಗೆ ತರಲು ಯತ್ನಿಸಿದ ಮಹತ್ವದ ಕೃತಿ. ಆದರೆ ಅದರ ಲಕ್ಷ್ಯ ಅರಸುಮನೆತನದ ಮೇಲಿತ್ತು, ನಾಡಿನ ಮೇಲಲ್ಲ. ಇಂದಿಗೂ ಶಿವಮೊಗ್ಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಸ್ಥಳೀಯ ಚರಿತ್ರೆಗಳು ಜಿಲ್ಲೆಯ ಗಡಿಗೆ ಬಂದು ನಿಲ್ಲುವುದು ವಾಡಿಕೆಯಾಗಿದೆ. ಬನವಾಸಿ ಈ ಮೂರೂ ಜಿಲ್ಲೆಗಳ ಅಂಚಿನಲ್ಲಿರುವುದರಿಂದ ಯಾವ ಚರಿತ್ರೆಗೂ ನಡುವಾಗಿ ಒದಗುವುದಿಲ್ಲ.

ಸಮಾರೋಪ

ಒಟ್ಟಿನಲ್ಲಿ, ಬನವಾಸಿಯ ಚರಿತ್ರೆಯನ್ನು ಊರಿನ ಚರಿತ್ರೆ, ನಾಡಿನ ಚರಿತ್ರೆ ಎಂಬ ಎರಡು ಎಳೆಗಳಾಗಿ ಬಿಡಿಸಿ ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಸಂಧಿಸ್ಥಾನದ ವಾಣಿಜ್ಯ ಮತ್ತು ನದಿಯ ಬಾಗಿನ ರಕ್ಷಣೆ ಊರನ್ನು ಬೆಳೆಸಿದವು. ಕೆರೆಗಳು ಅದನ್ನು ಪೋಷಿಸಿದವು. ಸಾಮ್ರಾಜ್ಯಗಳ ಕಾಲದಲ್ಲಿ ಆಡಳಿತ ಬಯಲಿನ ದಾರಿಗಳಿಗೆ ಸರಿದಾಗ ಊರು ಕುಗ್ಗಿತು, ಅದರ ಹೆಸರು ಮಾತ್ರ ನಾಡಿನ ಹೆಸರಾಗಿ ಹರಡಿತು. ಪಂಪನ ಪದ್ಯಗಳು ಆ ನಾಡಿಗೆ ಸಲ್ಲುತ್ತವೆ. ರವಿಕೀರ್ತಿಯ ಪದ್ಯ ಊರಿಗೆ ಸಲ್ಲುತ್ತದೆ. ಈ ಎರಡನ್ನು ಬೇರೆ ಮಾಡುವುದರಿಂದ ಊರಿನ ಹಿರಿಮೆಗೆ ಕುಂದುಂಟಾಗುವುದಿಲ್ಲ. ಪಂಪನ ಹೆಸರಿನ ಪ್ರಶಸ್ತಿಯನ್ನು ಕದಂಬೋತ್ಸವದಲ್ಲಿ ಬನವಾಸಿಯಲ್ಲಿ ನೀಡುವ ಪದ್ಧತಿ ಉಚಿತವಾದುದೇ; ನಾಡಿನ ಗೌರವವನ್ನು ನಾಡಿಗೆ ಹೆಸರಿತ್ತ ಊರಿನಲ್ಲಿ ಸಲ್ಲಿಸಬೇಕಾದುದೇ ಕ್ರಮ. ತರಗತಿಯಲ್ಲಿ ಆ ಪದ್ಯಗಳನ್ನು ವಿವರಿಸುವಾಗ ಮಾತ್ರ ‘ದೇಶ’ ಎಂಬ ಕವಿಯ ಮಾತಿಗೆ ಅದರ ಪೂರ್ಣ ವಿಸ್ತಾರವನ್ನು ಕೊಡಬೇಕು.

ಮುಂದೆ ಆಗಬೇಕಾದ ಕೆಲಸವೂ ಇದರಿಂದಲೇ ಗೊತ್ತಾಗುತ್ತದೆ. ಮೂರು ಜಿಲ್ಲೆಗಳ ಶಾಸನಗಳನ್ನು ಪನ್ನಿರ್ಚ್ಛಾಸಿರದ ಒಳನಾಡುಗಳಿಗೆ ಅನುಗುಣವಾಗಿ ಮರುಜೋಡಿಸಿ ಒಂದು ನಕ್ಷೆಯನ್ನು ಸಿದ್ಧಪಡಿಸಬೇಕು. ಶಾಸನೋಕ್ತ ಕೆರೆಗಳನ್ನು ಇಂದಿನ ಕೆರೆಗಳೊಂದಿಗೆ ತಾಳೆನೋಡಬೇಕು. ವರದೆಯ ದಂಡೆಯ ಹಳೆಯ ದಿಬ್ಬಗಳನ್ನು ಗುರುತಿಸಿ ದಾಖಲಿಸಬೇಕು. ಈ ಕೊನೆಯ ಕೆಲಸಕ್ಕೆ ತುರ್ತಿದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಬಗ್ಗೆ ಘಟ್ಟದ ಮೇಲಿನವರ ವಿರೋಧವೂ ಬಯಲಿನವರ ಬೇಡಿಕೆಯೂ ಪದೇ ಪದೇ ಕೇಳಿಬರುತ್ತಿವೆ. ಅದರ ಸಾಧಕ ಬಾಧಕಗಳ ತೀರ್ಮಾನ ಈ ಲೇಖನದ ವ್ಯಾಪ್ತಿಗೆ ಮೀರಿದ್ದು. ಆದರೆ ನದಿಯ ಹರಿವು ಬದಲಾಗುವ ಸಾಧ್ಯತೆ ಇರುವಾಗ, ಎರಡು ಸಾವಿರ ವರ್ಷಗಳ ವಸತಿಯ ಕುರುಹುಗಳನ್ನು ಹೊತ್ತ ದಂಡೆಗಳಲ್ಲಿ ಏನೇನಿದೆಯೆಂಬ ಪಟ್ಟಿಯಾದರೂ ನಮ್ಮ ಕೈಯಲ್ಲಿ ಇರಬೇಕು. ಉತ್ಖನನವಾದದ್ದು ಊರಿನ ಕೆಲವೇ ಭಾಗಗಳಲ್ಲಿ. ನಾಡಿನ ಬಹುಭಾಗ ಇನ್ನೂ ಮಣ್ಣಿನಡಿಯಲ್ಲಿದೆ.